ಪೆಂಟಾಥ್ಲಾನ್‌ನಿಂದ ಕುದುರೆ ಹೊರಬಿದ್ದದ್ದು ಹೇಗೆ?

ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ಕುದುರೆ ಸವಾರಿ ಇದೆಯಾ, ಇಲ್ವಾ? 2024ರ ಪ್ಯಾರಿಸ್ ಒಲಿಂಪಿಕ್ಸ್ ನೋಡಿದವರು ಇದೆ ಅನ್ನುತ್ತಾರೆ. 2028ರ ಲಾಸ್ ಏಂಜಲೀಸ್‌ಗೆ ತಯಾರಾಗುತ್ತಿರುವವರು ಇಲ್ಲ ಅನ್ನುತ್ತಾರೆ. ಇಬ್ಬರ ಮಾತೂ ನಿಜ. ನೂರು ವರ್ಷಕ್ಕೂ ಮೀರಿ ಈ ಆಟದ ಜೊತೆಗಿದ್ದ ಕುದುರೆ ಈಗ ಅದರಲ್ಲಿಲ್ಲ. ಇದೆಲ್ಲ 2021ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹೆದರಿ ನಿಂತ ಕುದುರೆಯನ್ನು ಹೊಡೆದ ಒಂದು ಗಲಾಟೆಯಿಂದ ಆಯಿತು ಅನ್ನುವವರೇ ಜಾಸ್ತಿ. ಆದರೆ ಗಂಟು ಬಿದ್ದದ್ದು ಅದಕ್ಕಿಂತ ಬಹಳ ಹಿಂದೆ, ನಿಯಮದ ಪುಸ್ತಕದಲ್ಲಿ.

ಮೊದಲು ಆಟ ಯಾವುದು ಅಂತ ನೋಡೋಣ. ಕತ್ತಿವರಸೆ, ಈಜು, ಕುದುರೆ ಸವಾರಿ, ಗುಂಡು ಹಾರಿಸುವುದು, ಓಟ. ಪ್ಯಾರಿಸ್‌ವರೆಗೆ ಈ ಐದನ್ನೂ ಒಬ್ಬರೇ ಮಾಡಬೇಕಿತ್ತು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಇದು ಶುರುವಾಯಿತು. ಇದರ ಹಿಂದಿದ್ದವರು ಆಧುನಿಕ ಒಲಿಂಪಿಕ್ಸ್ ಶುರುಮಾಡಿದ ಪಿಯರ್ ದ ಕೂಬರ್ತಾಂ. ಆಟದ ಹಿಂದೆ ಒಂದು ಕಥೆಯನ್ನೂ ಹೇಳುತ್ತಾರೆ. ಒಬ್ಬ ಸೈನಿಕ ಶತ್ರುಗಳ ನಾಡಿನಲ್ಲಿ ಸಿಕ್ಕಿಬಿದ್ದಿದ್ದಾನೆ. ಕೈಗೆ ಸಿಕ್ಕ ಯಾವುದೋ ಕುದುರೆ ಹತ್ತುತ್ತಾನೆ. ಕತ್ತಿ, ಪಿಸ್ತೂಲು ಹಿಡಿದು ಕಾದಾಡುತ್ತಾನೆ. ನದಿ ಈಜುತ್ತಾನೆ, ಕೊನೆಗೆ ಓಡಿ ತನ್ನವರನ್ನು ಸೇರುತ್ತಾನೆ. ಮೊದಲ ಸಲ ಆಡಿದವರಲ್ಲಿ ಹೆಚ್ಚಿನವರು ಸೈನ್ಯದವರೇ. ಮುಂದೆ ಎರಡನೇ ಮಹಾಯುದ್ಧದಲ್ಲಿ ಜನರಲ್ ಆಗಿ ಹೆಸರು ಮಾಡಿದ ಅಮೆರಿಕದ ಜಾರ್ಜ್ ಪ್ಯಾಟನ್ ಅಲ್ಲಿ ಐದನೆಯವರಾಗಿ ಬಂದರು.

ಆ ಕಥೆಯಲ್ಲಿ 'ಯಾವುದೋ ಕುದುರೆ' ಅನ್ನುವ ಮಾತಿದೆಯಲ್ಲ, ಇಡೀ ವಿಷಯದ ಬೇರು ಅಲ್ಲಿದೆ. ಉಳಿದ ಕುದುರೆ ಆಟಗಳಲ್ಲಿ ಸವಾರ ಮತ್ತು ಕುದುರೆ ವರ್ಷಗಟ್ಟಲೆ ಜೊತೆಗಿರುತ್ತಾರೆ. ಇಲ್ಲಿ ಹಾಗಿರಲಿಲ್ಲ. ಆತಿಥ್ಯ ವಹಿಸಿದವರು ಕುದುರೆಗಳನ್ನು ತಂದು ನಿಲ್ಲಿಸುತ್ತಿದ್ದರು. ಯಾರಿಗೆ ಯಾವುದು ಅಂತ ಚೀಟಿ ಎತ್ತುತ್ತಿದ್ದರು. ಸಿಕ್ಕ ಕುದುರೆಯನ್ನು ಪರಿಚಯ ಮಾಡಿಕೊಳ್ಳಲು ಸವಾರರಿಗೆ ಸಿಗುತ್ತಿದ್ದದ್ದು 20 ನಿಮಿಷ. ಅಷ್ಟರಲ್ಲಿ ಅದರ ಬಾಯಿ ಎಷ್ಟು ಸೂಕ್ಷ್ಮ, ಹಿಮ್ಮಡಿ ಒತ್ತಿದರೆ ಹೇಗೆ ಓಡುತ್ತದೆ, ಯಾವುದಕ್ಕೆ ಬೆದರುತ್ತದೆ, ಎಲ್ಲ ಗೊತ್ತಾಗಬೇಕಿತ್ತು. ಆಮೇಲೆ ಅಖಾಡಕ್ಕೆ ಇಳಿದು ಒಂದರ ಹಿಂದೆ ಒಂದರಂತೆ ತಡೆಗಳನ್ನು ಜಿಗಿಸಬೇಕಿತ್ತು.

ಈ ನಿಯಮ ಸುಮ್ನೆ ಬಂದದ್ದಲ್ಲ. ದುಡ್ಡಿದ್ದವರು ಒಳ್ಳೆಯ ಕುದುರೆ ಕೊಂಡು ಗೆಲ್ಲುವುದನ್ನು ಅದು ತಡೆಯಿತು. ಎಷ್ಟೇ ದೊಡ್ಡ ದೇಶದಿಂದ ಬಂದಿದ್ದರೂ ಚೀಟಿಯ ಮುಂದೆ ಎಲ್ಲರೂ ಒಂದೇ. ಮನುಷ್ಯರ ಮಟ್ಟಿಗೆ ಇದಕ್ಕಿಂತ ನ್ಯಾಯದ ದಾರಿ ಕಡಿಮೆ. ಆದರೆ ಕುದುರೆಯ ಮಟ್ಟಿಗೆ? ಆ ಪ್ರಶ್ನೆಗೆ ಪುಸ್ತಕದಲ್ಲಿ ಜಾಗವೇ ಇರಲಿಲ್ಲ.

ಅದೃಷ್ಟ ಹೇಗೆ ಬೇಕಾದರೂ ತಿರುಗಬಹುದಿತ್ತು. 1952ರಲ್ಲಿ ಹೆಲ್ಸಿಂಕಿಯಲ್ಲಿ ಸ್ವೀಡನ್ನಿನ ಲಾರ್ಸ್ ಹಾಲ್‌ಗೆ ಬಂದ ಕುದುರೆ ಕುಂಟುತ್ತಿತ್ತು. ಬದಲಿಗೆ ಕೊಟ್ಟ ಕುದುರೆ ಅಲ್ಲಿದ್ದವುಗಳಲ್ಲೇ ಒಳ್ಳೆಯದಾಗಿತ್ತು. ಸೈನ್ಯದವರಲ್ಲದ ಆ ಬಡಗಿ ಚಿನ್ನ ಗೆದ್ದರು. ನಾಲ್ಕು ವರ್ಷದ ನಂತರ ಮತ್ತೆ ಗೆದ್ದರು.

1968ರ ಮೆಕ್ಸಿಕೋದಲ್ಲಿ ಅದೇ ಚೀಟಿ ಉಲ್ಟಾ ಹೊಡೆಯಿತು. ರಾಂಚೆರೋ ಅನ್ನುವ ಕುದುರೆ ಪಶ್ಚಿಮ ಜರ್ಮನಿಯ ಸವಾರರೊಬ್ಬರಿಗೆ ಬಂತು. ಅದು ಒಂದೇ ತಡೆಯ ಮುಂದೆ ಮೂರು ಸಲ ನಿಂತುಬಿಟ್ಟಿತು. ಸವಾರಿ ಮುಗಿದ ಮೇಲೆ ಆ ಸವಾರ ಸಿಟ್ಟಿನಲ್ಲಿ ಕುದುರೆಯ ಮೇಲೆಯೇ ಕೈಮಾಡಿದರು. ಜೊತೆಯವರು ಬಂದು ಅವರನ್ನು ಎಳೆದುಕೊಂಡು ಹೋಗಬೇಕಾಯಿತು. ಟೋಕಿಯೋದ ದೃಶ್ಯ ಹಿಂದೆಂದೂ ನಡೆಯದ್ದು ಅಂತ ತುಂಬ ಜನ ಬರೆದರು. ಅದಕ್ಕೆ 53 ವರ್ಷ ಮೊದಲೇ ಇದು ನಡೆದಿತ್ತು.

ಅದೇ ಮೆಕ್ಸಿಕೋದ ಅದೇ ಆಟದಲ್ಲಿ ಇನ್ನೊಂದು ಘಟನೆ ಆಯಿತು. ಸ್ವೀಡನ್ನಿನ ಸ್ಪರ್ಧಿಯೊಬ್ಬರು ಗುಂಡು ಹಾರಿಸುವ ಮೊದಲು ಕೈ ನಡುಗದಿರಲಿ ಅಂತ ಬಿಯರ್ ಕುಡಿದಿದ್ದರು. ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಒಲಿಂಪಿಕ್ಸ್ ಚರಿತ್ರೆಯಲ್ಲಿ ಉದ್ದೀಪನ ಮದ್ದಿನ ನಿಯಮದಡಿ ಅನರ್ಹರಾದ ಮೊದಲಿಗರು ಅವರೇ. ತಂಡದ ಕಂಚೂ ಹೋಯಿತು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಸೋವಿಯತ್ ಸ್ಪರ್ಧಿಯೊಬ್ಬರ ಕತ್ತಿಯಲ್ಲಿ ಗುಪ್ತ ತಂತಿ ಸಿಕ್ಕಿತು. ಎದುರಾಳಿಗೆ ತಾಗದಿದ್ದರೂ ತಾಗಿತು ಅಂತ ತೋರಿಸುವ ದೀಪ ಹೊತ್ತುತ್ತಿತ್ತು. ಅವರನ್ನು ಹೊರಹಾಕಿದರು, ಕತ್ತಿಯ ಹಿಡಿಯ ನಿಯಮವನ್ನೂ ಬದಲಿಸಿದರು. ಅಂದರೆ ಮನುಷ್ಯ ಮನುಷ್ಯನಿಗೆ ಮೋಸ ಮಾಡಿದಾಗ ಪುಸ್ತಕ ಬೇಗ ಎಚ್ಚೆತ್ತಿತು. ರಾಂಚೆರೋ ನಿಂತ ಮೇಲೂ ಅಪರಿಚಿತ ಕುದುರೆಯ ಚೀಟಿ ಹಾಗೇ ಮುಂದುವರಿಯಿತು.

ಮುಂದಿನ ನಲವತ್ತು ವರ್ಷಗಳಲ್ಲಿ ಬದಲಾವಣೆಗಳಿಗೇನೂ ಬರವಿರಲಿಲ್ಲ. ಹಲವು ದಿನ ನಡೆಯುತ್ತಿದ್ದ ಆಟ 1996ರ ಅಟ್ಲಾಂಟಾದಲ್ಲಿ ಒಂದೇ ದಿನಕ್ಕೆ ಇಳಿಯಿತು. 2000ದ ಸಿಡ್ನಿಯಲ್ಲಿ ಮಹಿಳೆಯರಿಗೂ ಜಾಗ ಸಿಕ್ಕಿತು. 300 ಮೀಟರ್ ಈಜು 200ಕ್ಕೆ ಬಂತು. 2009ರಲ್ಲಿ ಓಟ ಮತ್ತು ಗುಂಡು ಹಾರಿಸುವುದನ್ನು ಒಟ್ಟು ಸೇರಿಸಿದರು. ಆಮೇಲೆ ನಿಜವಾದ ಗುಂಡಿನ ಬದಲು ಲೇಸರ್ ಬಂತು. ಪ್ಯಾರಿಸ್ ಹೊತ್ತಿಗೆ ಫೈನಲ್ ಸುಮಾರು 90 ನಿಮಿಷದಲ್ಲಿ ಮುಗಿಯುವ ಹಾಗಾಯಿತು. ಇದರಲ್ಲಿ ಹೆಚ್ಚಿನದನ್ನು ಮಾಡಿದ್ದು ಟಿವಿ ನೋಡುವವರಿಗಾಗಿ, ಒಲಿಂಪಿಕ್ಸ್‌ನಲ್ಲಿ ಜಾಗ ಉಳಿಸಿಕೊಳ್ಳಲು.

ಇಲ್ಲಿ ಅಂಕಗಳ ಲೆಕ್ಕ ಗೊತ್ತಿರಬೇಕು. ಇಲ್ಲದಿದ್ದರೆ ಟೋಕಿಯೋ ಅರ್ಥವಾಗುವುದಿಲ್ಲ. ಆಗಿನ ನಿಯಮದಂತೆ ಸವಾರಿಗೆ ಪೂರ್ತಿ ಅಂಕ 300. ಒಂದು ಅಡ್ಡಕೋಲು ಬಿದ್ದರೆ 7 ಅಂಕ ಕಡಿತ. ಕುದುರೆ ಜಿಗಿಯದೆ ನಿಂತರೆ 10 ಕಡಿತ. ಕೊನೆಯ ಓಟದಲ್ಲಿ ಒಂದು ಅಂಕಕ್ಕೆ ಒಂದು ಸೆಕೆಂಡ್. ಮುಂದಿರುವವರು ಮೊದಲು ಹೊರಡುತ್ತಾರೆ, ಉಳಿದವರು ಎಷ್ಟು ಅಂಕ ಹಿಂದಿದ್ದಾರೋ ಅಷ್ಟು ಸೆಕೆಂಡ್ ತಡವಾಗಿ. ಮೊದಲು ಗೆರೆ ದಾಟಿದವರಿಗೆ ಚಿನ್ನ. ನೋಡುವವರಿಗೆ ಇದು ತುಂಬ ಸುಲಭ. ಆದರೆ ಇದರ ಇನ್ನೊಂದು ಮುಖ ನೋಡಿ. ಸವಾರಿಯಲ್ಲಿ ಸೊನ್ನೆ ಬಂದರೆ 300 ಅಂಕ ಹೋಯಿತು. ಅಂದರೆ ಐದು ನಿಮಿಷ. 20 ನಿಮಿಷದ ಪರಿಚಯದ ಮೇಲೆ ಇಷ್ಟು ಭಾರ ಹೊರಿಸಲಾಗಿತ್ತು.

2021ರ ಆಗಸ್ಟ್ 6. ಟೋಕಿಯೋದಲ್ಲಿ ಮಹಿಳೆಯರ ಸ್ಪರ್ಧೆ. 36 ಸವಾರರು, 18 ಕುದುರೆಗಳು. ಒಂದೊಂದು ಕುದುರೆಯೂ ಎರಡು ಸಲ ಅಖಾಡಕ್ಕೆ ಇಳಿಯಬೇಕು. ಕತ್ತಿವರಸೆ ಮತ್ತು ಈಜು ಮುಗಿದಾಗ ಜರ್ಮನಿಯ ಆನಿಕಾ ಶ್ಲಾಯ್ ಮೊದಲ ಸ್ಥಾನದಲ್ಲಿದ್ದರು. ಚೀಟಿಯಲ್ಲಿ ಅವರಿಗೆ ಬಂದ ಕುದುರೆಯ ಹೆಸರು ಸೇಂಟ್ ಬಾಯ್. ಮೊದಲ ಸವಾರರ ಜೊತೆಯಲ್ಲೇ ಅದು ಜಿಗಿಯದೆ ನಿಂತಿತ್ತು. ಅದು ಹೆದರಿದೆ ಅನ್ನುವುದು ನೋಡಿದವರಿಗೆಲ್ಲ ಕಾಣುತ್ತಿತ್ತು. ಆದರೂ ಕುದುರೆ ಬದಲಾಗಲಿಲ್ಲ. ಎರಡನೇ ಸವಾರರಾಗಿ ಶ್ಲಾಯ್ ಅದರ ಮೇಲೆ ಕೂತಾಗ ಅದು ಮುಂದಕ್ಕೆ ಹೆಜ್ಜೆ ಇಡಲೇ ಒಪ್ಪಲಿಲ್ಲ. ಸವಾರರು ಅಳುತ್ತ ಚಾವಟಿ ಬೀಸಿದರು. ಬೇಲಿಯ ಆಚೆ ಇದ್ದ ಕೋಚ್ ಒಬ್ಬರು ಕುದುರೆಗೆ ಮುಷ್ಟಿಯಿಂದ ಗುದ್ದಿದರು. ಮರುದಿನ ಅವರನ್ನು ಉಳಿದ ಸ್ಪರ್ಧೆಯಿಂದ ಹೊರಹಾಕಲಾಯಿತು. ಮೊದಲ ಸ್ಥಾನದಲ್ಲಿದ್ದವರು 31ನೇ ಸ್ಥಾನಕ್ಕೆ ಇಳಿದರು.

ಆ ವಿಡಿಯೋ ಜಗತ್ತನ್ನೆಲ್ಲ ಸುತ್ತಿತು. ಜನ ಒಂದು ಮುಖ ಹುಡುಕಿದರು, ಸಿಕ್ಕಿತು, ಬೈದರು. ನನಗೆ ಇವತ್ತಿಗೂ ಆ ದೃಶ್ಯ ನೋಡಲು ಆಗುವುದಿಲ್ಲ. ಕುದುರೆಯ ಕಣ್ಣೂ ಹಾಗೇ ಇತ್ತು, ಸವಾರರ ಕಣ್ಣೂ ಹಾಗೇ ಇತ್ತು. ಒಂದು ಜೀವ ಹೆದರಿದೆ, ಇನ್ನೊಂದರ ವರ್ಷಗಟ್ಟಲೆ ದುಡಿಮೆ ಕಣ್ಣೆದುರೇ ಜಾರುತ್ತಿದೆ. ಇಬ್ಬರನ್ನೂ ಅಲ್ಲಿಗೆ ತಂದು ನಿಲ್ಲಿಸಿದ್ದು ನಿಯಮ. ಹೆದರಿದ ಕುದುರೆಯನ್ನು ಆಗಲೇ ಹಿಂದಕ್ಕೆ ಕಳಿಸುವ ಗಟ್ಟಿ ನಿಯಮವೊಂದು ಇದ್ದಿದ್ದರೆ ಇಬ್ಬರೂ ಉಳಿಯುತ್ತಿದ್ದರು ಅಲ್ವಾ?

ಮುಂದಿನದೆಲ್ಲ ಬೇಗ ಬೇಗ ಆಯಿತು. 2021ರ ನವೆಂಬರ್‌ನಲ್ಲಿ ಆಟದ ಅಂತರರಾಷ್ಟ್ರೀಯ ಒಕ್ಕೂಟ ಒಂದು ಪ್ರಕಟಣೆ ಹೊರಡಿಸಿತು. ಪ್ಯಾರಿಸ್ ಮುಗಿದ ಮೇಲೆ ಸವಾರಿ ಇರುವುದಿಲ್ಲ. ಗಲಾಟೆ ಆಗಿ ಮೂರು ತಿಂಗಳಷ್ಟೇ ಕಳೆದಿತ್ತು. ಸ್ಪರ್ಧಿಗಳು ಸಿಟ್ಟಾದರು. ನಮ್ಮನ್ನು ಕೇಳಲೇ ಇಲ್ಲ ಅಂದರು. 650ಕ್ಕೂ ಹೆಚ್ಚು ಹಾಲಿ ಮತ್ತು ಮಾಜಿ ಸ್ಪರ್ಧಿಗಳು ಆಡಳಿತ ಮಂಡಳಿ ರಾಜೀನಾಮೆ ಕೊಡಬೇಕು ಅಂತ ಸಹಿ ಹಾಕಿದರು. ಅದೇ ಡಿಸೆಂಬರ್‌ನಲ್ಲಿ 2028ರ ಒಲಿಂಪಿಕ್ಸ್‌ನ ಮೊದಲ ಪಟ್ಟಿ ಬಂತು. ಅದರಲ್ಲಿ ಪೆಂಟಾಥ್ಲಾನ್ ಇರಲಿಲ್ಲ.

ಒಕ್ಕೂಟದ ವಾದವನ್ನೂ ಕೇಳಬೇಕು. ಕುದುರೆ ಸಾಕುವುದು ದುಬಾರಿ. ಆತಿಥ್ಯ ವಹಿಸುವವರು ಒಂದೇ ಅಳತೆಯಲ್ಲಿ ಜಿಗಿಯಬಲ್ಲ ಅಷ್ಟೊಂದು ಕುದುರೆಗಳನ್ನು ಹೊಂದಿಸಬೇಕು. ಎಷ್ಟೋ ದೇಶಗಳ ಮಕ್ಕಳಿಗೆ ಕುದುರೆ ಹತ್ತುವ ಅವಕಾಶವೇ ಇಲ್ಲ. ಆಟ ಹರಡಬೇಕಾದರೆ ಎಲ್ಲರ ಕೈಗೆಟುಕಬೇಕು. ಇದರಲ್ಲಿ ಸತ್ಯ ಇದೆ, ಅಲ್ಲಗಳೆಯುವ ಹಾಗಿಲ್ಲ. 2013ರಲ್ಲೇ ಈ ಆಟದ ಒಲಿಂಪಿಕ್ಸ್ ಜಾಗ ಅಲ್ಲಾಡಿತ್ತು ಅನ್ನುವುದನ್ನೂ ನೆನಪಿಡಬೇಕು. ಆ ವರ್ಷ ಹೊರಹಾಕುವ ಪಟ್ಟಿಗೆ ಕುಸ್ತಿಯ ಹೆಸರು ಹೋಯಿತು, ಪೆಂಟಾಥ್ಲಾನ್ ಉಳಿಯಿತು.

ಎದುರು ಪಾಳಯದ ಮಾತು ಹೀಗಿತ್ತು: ನಿಯಮ ತಪ್ಪಿದ್ದರೆ ನಿಯಮ ತಿದ್ದಿ. ತಡೆಗಳ ಎತ್ತರ ಇಳಿಸಿ. ನಿಂತ ಕುದುರೆಯನ್ನು ಬೇಗ ಬದಲಿಸಿ. ಸವಾರರ ಮಟ್ಟ ಪರೀಕ್ಷಿಸಿ. ಇದು ಬರೀ ಮಾತಾಗಿ ಉಳಿಯಲಿಲ್ಲ. ಪ್ಯಾರಿಸ್‌ಗಾಗಿ ಇದರಲ್ಲಿ ಕೆಲವನ್ನು ಮಾಡಿದರು, ತಡೆಗಳೂ ತಗ್ಗಿದವು. ಅಂದರೆ ತಿದ್ದಲು ಆಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು.

ಸವಾರಿಯ ಜಾಗಕ್ಕೆ 60ಕ್ಕೂ ಹೆಚ್ಚು ಸಲಹೆಗಳು ಬಂದವು. ಕೊನೆಗೆ ಆರಿಸಿದ್ದು ಅಡೆತಡೆಗಳ ಓಟ. ಮೇಲೆ ತೂಗುವ ರಿಂಗ್ ಹಿಡಿದು ಜೋತಾಡುತ್ತ ದಾಟುವುದು, ಗೋಡೆ ಹತ್ತುವುದು, ಇಂಥದ್ದು. 2022ರ ಜೂನ್‌ನಲ್ಲಿ ಅಂಕಾರಾದಲ್ಲಿ ಇದರ ಪರೀಕ್ಷೆ ಶುರುವಾಯಿತು. ಅದೇ ನವೆಂಬರ್‌ನಲ್ಲಿ ಒಕ್ಕೂಟದ ಸದಸ್ಯ ದೇಶಗಳು ದೊಡ್ಡ ಬಹುಮತದಿಂದ ಒಪ್ಪಿದವು. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಲಾಸ್ ಏಂಜಲೀಸ್‌ನಲ್ಲಿ ಪೆಂಟಾಥ್ಲಾನ್‌ಗೆ ಜಾಗ ಕೊಟ್ಟಿತು. 2024ರ ಆಗಸ್ಟ್ 11ರಂದು ವರ್ಸೈಲ್ಸ್ ಅರಮನೆಯ ಆವರಣದಲ್ಲಿ ಮಹಿಳೆಯರ ಫೈನಲ್ ನಡೆಯಿತು. ಒಲಿಂಪಿಕ್ ಪೆಂಟಾಥ್ಲಾನ್‌ನಲ್ಲಿ ಕುದುರೆ ಜಿಗಿದದ್ದು ಅದೇ ಕೊನೆ. ಹಂಗೇರಿಯ ಮಿಶೆಲ್ ಗುಯಾಶ್ ಗೆದ್ದರು.

ಹಾಗಂತ ಸವಾರಿ, ಈಜು, ಓಟ ಮೂರೂ ಸೇರಿದ ಆಟ ಎಲ್ಲೂ ಇಲ್ಲ ಅಂತಲ್ಲ. ಬ್ರಿಟನ್ನಿನಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುವ ಪೋನಿ ಕ್ಲಬ್‌ಗಳಲ್ಲಿ ಮಕ್ಕಳು ಟೆಟ್ರಾಥ್ಲಾನ್ ಆಡುತ್ತಾರೆ. ಈ ಮೂರರ ಜೊತೆ ಏರ್ ಪಿಸ್ತೂಲು, ಒಟ್ಟು ನಾಲ್ಕು. ಈಜಿಗೆ ಅಲ್ಲಿ ದೂರ ಇಷ್ಟು ಅಂತಿಲ್ಲ, ಹೊತ್ತು ಇಷ್ಟು ಅಂತಿದೆ. ಅಷ್ಟರಲ್ಲಿ ಎಷ್ಟು ದೂರ ಈಜಿದರೋ ಅಷ್ಟು ಅಂಕ. ಅಲ್ಲಿ ಚೀಟಿ ಎತ್ತುವುದಿಲ್ಲ. ಮಕ್ಕಳು ತಮಗೆ ಗೊತ್ತಿರುವ ಕುದುರೆಯನ್ನೇ ತರುತ್ತಾರೆ. ಅದಕ್ಕೆ ಖರ್ಚು ಬೇಕು, ಹಾಗಾಗಿ ಅದು ಎಲ್ಲರಿಗೂ ಎಟುಕುವ ದಾರಿಯಲ್ಲ.

ಆ ಸವಾರಿಯ ಹಾದಿಯಲ್ಲಿ ಜಿಗಿತದ ಜೊತೆ ಇನ್ನೆರಡು ಕೆಲಸಗಳಿವೆ. ಒಂದು, ಕುದುರೆಯ ಮೇಲೆ ಕೂತೇ ಗೇಟು ತೆಗೆದು, ದಾಟಿ, ಮತ್ತೆ ಮುಚ್ಚಬೇಕು. ಇನ್ನೊಂದು, ಕೆಳಗಿಳಿದು ಅಡ್ಡಕೋಲು ಸರಿಸಿ, ಕುದುರೆಯನ್ನು ಕೈಹಿಡಿದು ದಾಟಿಸಿ, ಕೋಲನ್ನು ಮತ್ತೆ ಅದರ ಜಾಗದಲ್ಲಿಟ್ಟು ಹತ್ತಬೇಕು. ಮಗು ಕೋಲು ಜೋಡಿಸುವಷ್ಟು ಹೊತ್ತೂ ಕುದುರೆ ಪಕ್ಕದಲ್ಲೇ ನಿಂತಿರಬೇಕು. ಗುರುತಿರುವ ಕುದುರೆ ನಿಲ್ಲುತ್ತದೆ.