ಕಾರು ಕೊಳ್ಳುವ ಮೊದಲು ಟ್ರೇಲರ್ ತೂಗಿಸಿ

ಪುಣೆ, ಚಿಂಚವಡ, ಭೋಸರಿ ಕಡೆಯ ಕನ್ನಡ ಕುಟುಂಬಗಳಲ್ಲಿ ಕ್ಯಾರವಾನ್ ಆಸೆ ಈಚೆಗೆ ಬಲವಾಗಿ ಕಾಣುತ್ತಿದೆ. ನಿವೃತ್ತರಾದ ಮೇಲೆ ಮಲಗುವ ಮನೆಯಂತಹ ಟ್ರೇಲರೊಂದನ್ನು ಕಾರಿನ ಹಿಂದೆ ಕಟ್ಟಿಕೊಂಡು ಬೆಳಗಾವಿ, ಗೋಕರ್ಣ, ಕನ್ಯಾಕುಮಾರಿ ಸುತ್ತಬೇಕೆಂದು ಹಲವರು ನಮ್ಮ ಗ್ಯಾರೇಜಿಗೆ ಬಂದು ಕೂರುತ್ತಾರೆ. ಕೇಳುವ ಪ್ರಶ್ನೆ ಒಂದೇ: "ಯಾವ ಗಾಡಿ ತೆಗೆದುಕೊಳ್ಳಲಿ, ಸರ್?" ಟ್ರೇಲರ್ ತುಂಬಿದ ಮೇಲೆ ಎಷ್ಟು ತೂಗುತ್ತದೆ ಎಂದು ಗೊತ್ತಾಗುವವರೆಗೆ ನಾನು ಗಾಡಿಯ ಹೆಸರು ಹೇಳುವುದಿಲ್ಲ.

ಕ್ಯಾರವಾನ್ ಮಾರುವವರು ಕೊಡುವುದು ಖಾಲಿ ತೂಕ. 80 ಲೀಟರ್ ನೀರು ತುಂಬಿದರೆ ಅದೇ 80 ಕಿಲೋ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಾಸಿಗೆ, ಪಾತ್ರೆ, ಸ್ಟೆಪ್ನಿ ಸೇರಿದರೆ 600 ಕಿಲೋದ ಟ್ರೇಲರ್ ಸಲೀಸಾಗಿ 800 ಮುಟ್ಟುತ್ತದೆ. ಚಾಕಣ, ಭೋಸರಿ ರಸ್ತೆಗಳಲ್ಲಿ ಲಾರಿಗಳಿಗಾಗಿ ತೂಕದ ಕಾಟಾ ಇವೆ. ಮನೆಯವರೆಲ್ಲ ಕುಳಿತ ಕಾರನ್ನು ಒಮ್ಮೆ, ತುಂಬಿದ ಟ್ರೇಲರನ್ನು ಒಮ್ಮೆ, ಎರಡನ್ನೂ ಜೋಡಿಸಿ ಇನ್ನೊಮ್ಮೆ ತೂಗಿಸಿ. ಖರ್ಚು ಅಲ್ಪ, ತಿಳಿಯುವುದು ಅಪಾರ.

ಎಷ್ಟು ಎಳೆಯಬಹುದು ಎಂಬುದನ್ನು ಕಾರಿನ ಜೊತೆ ಬಂದ ಕೈಪಿಡಿಯೇ ಹೇಳಬೇಕು. ಆಸ್ಟ್ರೇಲಿಯಾದಲ್ಲಿ ಟೊಯೋಟಾ ಹೈಲಕ್ಸ್‌ಗೆ ಬ್ರೇಕ್ ಇರುವ 3,500 ಕಿಲೋ ಟ್ರೇಲರ್ ಎಳೆಯಲು ಅನುಮತಿ ಇದೆ ಎಂದು ಓದಿಕೊಂಡು ಬರುವವರಿದ್ದಾರೆ. ಒಂದೇ ಹೆಸರಿನ ಗಾಡಿಗೂ ದೇಶದಿಂದ ದೇಶಕ್ಕೆ ಸ್ಪ್ರಿಂಗ್, ಟ್ರೇಲರ್ ಕಟ್ಟುವ ಕೊಂಡಿ, ಕೂಲಿಂಗ್ ಬೇರೆಯಾಗಿರಬಹುದು. ಇಲ್ಲಿ ಮಾರಾಟವಾದ ಗಾಡಿಯ ಕೈಪಿಡಿ ಎಳೆಯಬೇಡಿ ಎಂದರೆ, ಅಥವಾ ಮಿತಿಯನ್ನೇ ಕೊಡದಿದ್ದರೆ, ಆ ಗಾಡಿಗೆ ಕೊಂಡಿ ಹಾಕಿಸಬೇಡಿ. ಹಾಗೆ ಹೇಳಿ ಗಿರಾಕಿಗಳನ್ನು ವಾಪಸು ಕಳಿಸಿದ್ದೇನೆ, ಮುಂದೆಯೂ ಕಳಿಸುತ್ತೇನೆ.

ಮಿತಿಯೊಳಗೆ ಬರುವ ಗಾಡಿಗಳಲ್ಲಿ ನಾನು ಮೊದಲು ನೋಡುವುದು ಗಾಡಿಯ ಹಿಂಭಾಗ. ಫಾರ್ಚೂನರ್, ಸ್ಕಾರ್ಪಿಯೋ-ಎನ್, ಇನೋವಾ ಕ್ರಿಸ್ಟಾದಂತಹವುಗಳಲ್ಲಿ ಬಾಡಿಯ ಕೆಳಗೆ ಪ್ರತ್ಯೇಕ ಚಾಸಿ, ಅಂದರೆ ಉಕ್ಕಿನ ಚೌಕಟ್ಟು, ಇರುತ್ತದೆ. ಕೊಂಡಿಯನ್ನು ಅದಕ್ಕೇ ಬಿಗಿಯಬಹುದು. ಆದರೂ ಹಿಂಚಕ್ರದಿಂದ ಕೊಂಡಿ ಎಷ್ಟು ದೂರ ಎಂಬುದನ್ನು ಯಾರೂ ಅಳೆಯುವುದಿಲ್ಲ. ಒಂದು ಲೆಕ್ಕ ಹಾಕೋಣ. ಮುಂಚಕ್ರ ಮತ್ತು ಹಿಂಚಕ್ರಗಳ ನಡುವೆ (ಇದೇ ವೀಲ್‌ಬೇಸ್) 2.75 ಮೀಟರ್, ಹಿಂಚಕ್ರದಿಂದ ಕೊಂಡಿಗೆ 1.1 ಮೀಟರ್ ಇದೆ ಎನ್ನಿ. ಕೊಂಡಿಯ ಮೇಲೆ 80 ಕಿಲೋ ಕೂತರೆ ಹಿಂದಿನ ಆಕ್ಸೆಲ್ ಮೇಲೆ 112 ಕಿಲೋ ಹೆಚ್ಚುತ್ತದೆ, ಮುಂದಿನ ಆಕ್ಸೆಲ್ ಮೇಲೆ 32 ಕಿಲೋ ಕಡಿಮೆಯಾಗುತ್ತದೆ. ಡಿಕ್ಕಿಯಲ್ಲಿ ಸೂಟ್‌ಕೇಸ್, ಹಿಂದಿನ ಸೀಟಿನಲ್ಲಿ ಮೂವರು ಇದ್ದರೆ ಕಾರಿನ ಮೂತಿ ಇನ್ನಷ್ಟು ಮೇಲೇಳುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ರಾತ್ರಿ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಉದ್ದ ವೀಲ್‌ಬೇಸ್, ಮೋಟು ಹಿಂಭಾಗ ಇರುವ ಗಾಡಿಗೆ ನಾನು ಸದಾ ಹೆಚ್ಚು ಅಂಕ ಕೊಡುವುದು ಇದಕ್ಕೇ.

ಹಾಗೆಂದು ಕೊಂಡಿಯ ಮೇಲಿನ ಭಾರವನ್ನು ತೀರಾ ಇಳಿಸುವಂತೆಯೂ ಇಲ್ಲ. ಎತ್ತಿನ ಗಾಡಿಗೆ ಕಬ್ಬು ಹೇರುವವರು ಇದನ್ನು ಬಲ್ಲರು: ಹಿಂದೆ ಭಾರ ಹೆಚ್ಚಾದರೆ ನೊಗ ಮೇಲೆದ್ದು ಕೊರಳಪಟ್ಟಿ ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರ್ ತೂಕದ ಶೇ. 7ರಿಂದ 10ರಷ್ಟು ಕೊಂಡಿಯ ಮೇಲಿರಲಿ, ಆದರೆ ಕೊಂಡಿಗೂ ಕಾರಿಗೂ ಬರೆದಿರುವ ಮಿತಿಯನ್ನು ದಾಟದಿರಲಿ. ನೀರಿನ ಟ್ಯಾಂಕ್, ಬ್ಯಾಟರಿ ಮುಂತಾದ ಭಾರದ ವಸ್ತುಗಳು ಟ್ರೇಲರ್ ಆಕ್ಸೆಲ್ ಹತ್ತಿರ, ನೆಲಮಟ್ಟದಲ್ಲಿ ಇರಬೇಕು. ಬಾಲದಲ್ಲಿ ಸೈಕಲ್ ಸ್ಟ್ಯಾಂಡ್ ತೂಗುಹಾಕಿದರೆ ವೇಗ ಏರಿದಂತೆ ಟ್ರೇಲರ್ ಎಡಬಲಕ್ಕೆ ತೂಗಾಡತೊಡಗುತ್ತದೆ. ಆಗ ಸ್ಟೀರಿಂಗ್ ತಿರುಗಿಸಿ ಸರಿಮಾಡಲು ಹೋಗಬೇಡಿ, ಕಾರಿನ ಬ್ರೇಕನ್ನು ಜೋರಾಗಿ ಒತ್ತಬೇಡಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೇರ ಹಿಡಿಯಿರಿ.

ಎಂಜಿನ್ ವಿಚಾರದಲ್ಲಿ ಜನ ಅಶ್ವಶಕ್ತಿ ಕೇಳುತ್ತಾರೆ. ಖಂಬಾಟಕಿ ಏರಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು ನಿಂತು ಮತ್ತೆ ಹೊರಡುವಾಗ ಬೇಕಾಗುವುದು ಎಂಜಿನ್ ನಿಧಾನ ತಿರುಗುವಾಗಲೇ (ಕಡಿಮೆ ಆರ್‌ಪಿಎಂನಲ್ಲಿ) ಸಿಗುವ ಟಾರ್ಕ್, ಅಂದರೆ ತಿರುಗಿಸುವ ಬಲ. ಟರ್ಬೊ ಡೀಸೆಲ್, ಜೊತೆಗೆ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್ ಇದ್ದರೆ ಕ್ಲಚ್ ಸುಡುವ ಭಯವಿಲ್ಲ. ಗೇರ್‌ಬಾಕ್ಸ್ ಎಣ್ಣೆಯನ್ನು ಮಾತ್ರ ಬೇಗ ಬದಲಿಸಬೇಕು.

ಆದರೆ ಏರುವುದಕ್ಕಿಂತ ಇಳಿಯುವುದೇ ನನಗೆ ಹೆಚ್ಚು ಚಿಂತೆ. ಲೋಣಾವಳದಿಂದ ಖೋಪೋಲಿಗೆ ಇಳಿಯುವಷ್ಟರಲ್ಲಿ 500 ಮೀಟರ್‌ಗೂ ಹೆಚ್ಚು ಎತ್ತರ ಕಳೆಯುತ್ತದೆ. ಮೂರು ಟನ್ ಭಾರ ಅಷ್ಟು ಇಳಿದಾಗ ಹುಟ್ಟುವ ಶಕ್ತಿಯನ್ನು ಎಂಜಿನ್ ತಡೆಯದಿದ್ದರೆ ಅದೆಲ್ಲ ಬ್ರೇಕಿನಲ್ಲಿ ಬೆಂಕಿಯಾಗುತ್ತದೆ. ಯುರೋಪಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್‌ಗೆ 750 ಕಿಲೋ ಮೇಲ್ಮಿತಿ. ನಮ್ಮ ಘಟ್ಟಗಳಿಗೆ ಅದೂ ಹೆಚ್ಚೇ; 500 ದಾಟಿದರೆ ಟ್ರೇಲರ್‌ಗೆ ಸ್ವಂತ ಬ್ರೇಕ್ ಇರಲೇಬೇಕು ಎಂಬುದು ನನ್ನ ಹಟ. ಅದರಲ್ಲೂ ಆಯ್ಕೆ ಇದೆ. ಟ್ರೇಲರ್ ಕಾರನ್ನು ಹಿಂದಿನಿಂದ ನೂಕಿದಾಗ ತಾನೇ ಹಿಡಿಯುವ ಬ್ರೇಕ್ ಅಗ್ಗ, ಸರಳ. ಆದರೆ ಆಂಬೋಲಿ, ಚೋರ್ಲಾದಂತಹ ಉದ್ದ ಇಳಿಜಾರಿನಲ್ಲಿ ನೀವು ಕೆಳಗಿನ ಗೇರಿನಲ್ಲಿ ಎಂಜಿನ್ನಿಂದಲೇ ವೇಗ ತಡೆದಷ್ಟೂ (ಎಂಜಿನ್ ಬ್ರೇಕ್) ಟ್ರೇಲರ್ ನೂಕುತ್ತಲೇ ಇರುತ್ತದೆ, ಅದರ ಡ್ರಮ್ ಕಾಯುತ್ತಲೇ ಇರುತ್ತದೆ. ಗೋವಾ ದಾರಿಯನ್ನು ಪದೇಪದೇ ಹಿಡಿಯುವವರಿಗೆ ವಿದ್ಯುತ್ ಬ್ರೇಕನ್ನೇ ಸೂಚಿಸುತ್ತೇನೆ. ಅದರ ನಿಯಂತ್ರಕ ಚಾಲಕನ ಕೈಗೆಟಕುವಂತಿದ್ದರೆ, ಟ್ರೇಲರ್ ತೂಗಾಡಿದಾಗ ಅದರ ಬ್ರೇಕನ್ನು ಮಾತ್ರ ಹಿಡಿದು ನೇರಕ್ಕೆ ತರಬಹುದು. ಯಾವುದೇ ಬ್ರೇಕ್ ಇರಲಿ, ಕೊಂಡಿ ಕಳಚಿದರೆ ಟ್ರೇಲರನ್ನು ತಾನಾಗಿ ನಿಲ್ಲಿಸುವ ತಂತಿಯೂ, ಸುರಕ್ಷಾ ಸರಪಳಿಯೂ ಬೇಕು.

ವೈರಿಂಗ್ ಬಗ್ಗೆ ಒಂದೇ ಮಾತು: ಹೊಸ ಕಾರಿನ ಲೈಟ್ ತಂತಿಯನ್ನು ಕೊಯ್ದು ಜೋಡಿಸಲು ಯಾರಿಗೂ ಬಿಡಬೇಡಿ, ಟ್ರೇಲರ್ ಲೈಟುಗಳಿಗೆ ಪ್ರತ್ಯೇಕ ರಿಲೇ (ವಿದ್ಯುತ್ ಸ್ವಿಚ್) ಹಾಕಿಸಿ.

ಕಾಗದಪತ್ರಗಳನ್ನು ಕಡೆಗಣಿಸುವವರೇ ಹೆಚ್ಚು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿ, ನಂಬರ್ ಪ್ಲೇಟ್, ವಿಮೆ ಎಲ್ಲವೂ ಅದಕ್ಕೆ ಬೇಕು. ಹಣ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಓಡುವಾಗ ಟ್ರೇಲರ್ ಒಳಗೆ ಯಾರನ್ನೂ, ಅದರಲ್ಲೂ ಮಲಗಿದ ಮಕ್ಕಳನ್ನು, ಬಿಡಬೇಡಿ. ವರ್ಷಕ್ಕೆ ಒಂದೆರಡು ಪ್ರವಾಸವಷ್ಟೇ ನಿಮ್ಮ ಯೋಜನೆಯಾದರೆ ಕ್ಯಾರವಾನ್ ವ್ಯಾನನ್ನು ಬಾಡಿಗೆಗೆ ಪಡೆಯುವುದೇ ಲೇಸು.

ಮೊದಲ ಓಟವನ್ನು ಘಟ್ಟದ ಕಡೆಗೆ ಇಟ್ಟುಕೊಳ್ಳಬೇಡಿ. ಬೆಳಗಿನ ಜಾವ ಸೋಲಾಪುರ ರಸ್ತೆ ಹಿಡಿಯಿರಿ, 70ರ ಆಸುಪಾಸಿನಲ್ಲೇ ಹೋಗಿ. ಭಿಗವಣದಲ್ಲಿ ಚಹಾಕ್ಕೆ ನಿಂತಾಗ ಟ್ರೇಲರ್ ಚಕ್ರದ ಹಬ್‌ಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಬದಿ ಇನ್ನೊಂದಕ್ಕಿಂತ ಹೆಚ್ಚು ಬಿಸಿಯಾಗಿದ್ದರೆ ಬೇರಿಂಗ್ ಅಥವಾ ಬ್ರೇಕ್ ಹಿಡಿದಿದೆ. ಅಲ್ಲೇ ಚಕ್ರದ ನಟ್‌ಗಳನ್ನೂ ಬಿಗುವನ್ನು ಅಳೆಯುವ ಟಾರ್ಕ್ ಪಾನಾದಿಂದ ಮತ್ತೊಮ್ಮೆ ಬಿಗಿ ಮಾಡಿ. ಹೊಸದಾಗಿ ಕೂರಿಸಿದ ಚಕ್ರದ ನಟ್‌ಗಳು ಮೊದಲ 100 ಕಿ.ಮೀ. ಒಳಗೇ ಸಡಿಲವಾಗುವುದುಂಟು.