ಕರಾಯಿಮರ ಗಾದೆ ಯಾರ ಗಾದೆ?

ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಾವು ಕನ್ನಡದಲ್ಲಿ ಅಳುಕಿಲ್ಲದೆ ಹೇಳುತ್ತೇವೆ. ವೇದವನ್ನು ಕೀಳುಗಳೆಯುವ ಉದ್ದೇಶ ಆ ಮಾತಿಗಿಲ್ಲ. ಬಾಳಿ ಕಂಡವರ ಅನುಭವಕ್ಕೆ ನಮ್ಮ ಜನ ಕೊಟ್ಟ ತೂಕ ಅಷ್ಟು ದೊಡ್ಡದು. ಯಹೂದಿ ಧರ್ಮದಲ್ಲಿ ಹುಟ್ಟಿದ ಕರಾಯಿಟ್ ಪಂಥದ ಮನೆತನವೊಂದರ ಹಿರಿಯರ ಬಾಯಿಂದ ಇಂಥ ಮಾತು ಹೊರಡುವುದನ್ನು ಊಹಿಸುವುದೂ ಕಷ್ಟ. ಎಂಟನೆಯ ಶತಮಾನದ ಬಾಗ್ದಾದಿನಲ್ಲಿದ್ದ ಅನಾನ್ ಬೆನ್ ದಾವೀದನಿಂದ ತಮ್ಮ ಪರಂಪರೆಯನ್ನು ಎಣಿಸಿಕೊಳ್ಳುವ ಈ ಸಮುದಾಯ ಹೀಬ್ರೂ ಧರ್ಮಗ್ರಂಥವನ್ನು ಮಾತ್ರ ಪ್ರಮಾಣವೆಂದು ಒಪ್ಪಿತು. ಯಹೂದಿ ಧರ್ಮಗುರುಗಳಾದ ರಬ್ಬಿಗಳು ಬಾಯಿಂದ ಬಾಯಿಗೆ ಸಾಗಿಬಂದುದೆಂದು ನಂಬಿ ಮಿಶ್ನಾ ಮತ್ತು ತಾಲ್ಮುದ್‌ಗಳಲ್ಲಿ ದಾಖಲಿಸಿದ ಮೌಖಿಕ ಧರ್ಮಶಾಸ್ತ್ರವನ್ನು ಅದು ಕಟ್ಟಳೆಯೆಂದು ಒಪ್ಪಲಿಲ್ಲ. ಬಾಯಿಮಾತಿನ ಶಾಸ್ತ್ರವನ್ನು ದೂರವಿಟ್ಟ ಜನ ಬಾಯಿಮಾತಿನ ಗಾದೆಯನ್ನು ಹೇಗೆ ಉಳಿಸಿಕೊಂಡರು ಎಂಬ ಪ್ರಶ್ನೆ ಗಾದೆಗಳ ಸಂಪಾದನೆಯನ್ನು ಕಸುಬಾಗಿ ಮಾಡಿಕೊಂಡ ನನ್ನಂಥವರನ್ನು ಬಹುವಾಗಿ ಸೆಳೆಯುತ್ತದೆ.

ಕರಾಯಿಟರು ಒಂದೇ ಊರಿನ, ಒಂದೇ ಭಾಷೆಯ ಜನರಲ್ಲ. ಕೈರೋ ನಗರದ ಕರಾಯಿಟರು ಅರಬ್ಬಿ ಆಡುತ್ತಿದ್ದರು, ಅವರ ಗಾದೆಗಳೂ ಅರಬ್ಬಿಯವೇ. ಇಲ್ಲಿ ನಾನು ಹೇಳಹೊರಟಿರುವುದು ಕ್ರೈಮಿಯಾದಲ್ಲಿ, ಈಗಿನ ಉಕ್ರೇನಿನ ಹಾಲಿಚ್ ಮತ್ತು ಲುತ್ಸ್ಕ್ ಪಟ್ಟಣಗಳಲ್ಲಿ ಹಾಗೂ ಲಿಥುವೇನಿಯಾದ ತ್ರಾಕಾಯ್‌ನಲ್ಲಿ ನೆಲೆಸಿದ ಶಾಖೆಯನ್ನು ಕುರಿತು. ಅವರನ್ನು ಕರಾಯಿಮರು ಎನ್ನುತ್ತಾರೆ. ಪ್ರಾರ್ಥನೆಗೆ ಹೀಬ್ರೂ ಇದ್ದರೂ ಮನೆಯಲ್ಲಿ ಅವರು ಆಡುತ್ತಿದ್ದುದು ತುರ್ಕಿಕ್ ಕುಟುಂಬದ ನುಡಿ. ಅದರಲ್ಲೂ ಹಾಲಿಚ್, ಲುತ್ಸ್ಕ್, ತ್ರಾಕಾಯ್‌ಗಳ ಮಾತು ಕಿಪ್ಚಾಕ್ ಗುಂಪಿಗೆ ಸೇರಿದ್ದು, ಹದಿನಾಲ್ಕನೆಯ ಶತಮಾನದ ಕೋಡೆಕ್ಸ್ ಕುಮಾನಿಕಸ್ ಎಂಬ ಹಸ್ತಪ್ರತಿಯ ಭಾಷೆಗೆ ಬಹಳ ಹತ್ತಿರವಾದದ್ದು. ಲಿಥುವೇನಿಯಾದ ಮಹಾರಾಜ ವಿತೌತಾಸನು 1397–98ರ ಸುಮಾರಿಗೆ ಕ್ರೈಮಿಯಾದಿಂದ ತಮ್ಮ ಹಿರಿಯರನ್ನು ಕರೆತಂದು ತ್ರಾಕಾಯ್ ಕೋಟೆಯ ಬಳಿ ನೆಲೆಗೊಳಿಸಿದನೆಂಬುದು ತ್ರಾಕಾಯ್ ಕರಾಯಿಮರು ಹೇಳಿಕೊಂಡು ಬಂದಿರುವ ಚರಿತ್ರೆ.

ಈ ಜನ ಗಾದೆಯನ್ನು 'ಅತಾಲಾರ್ ಸೊಜು', ಅಂದರೆ ಹಿರಿಯರ ಮಾತು, ಎಂದು ಕರೆಯುತ್ತಾರೆ. ಇದು ಅವರೊಬ್ಬರ ಹೆಸರಲ್ಲ, ತುರ್ಕಿಕ್ ನಾಡುಗಳಲ್ಲೆಲ್ಲ ಬಳಕೆಯಲ್ಲಿರುವುದು. ಆದರೆ ಹಿರಿಯರ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ಕರಾಯಿಟ್ ಚಿಂತನೆಯ ಒಳಗೇ ಶತಮಾನಗಳ ಕಾಲ ಚರ್ಚೆಯಾದ ವಿಷಯ. "ಧರ್ಮಗ್ರಂಥದಲ್ಲಿ ಚೆನ್ನಾಗಿ ಹುಡುಕಿರಿ, ನನ್ನ ಅಭಿಪ್ರಾಯವನ್ನೇ ನೆಚ್ಚಿಕೊಳ್ಳಬೇಡಿರಿ" ಎಂಬ ಮಾತನ್ನು ಪರಂಪರೆಯು ಅನಾನನ ಹೆಸರಿನಲ್ಲಿ ಹೇಳಿಕೊಂಡು ಬಂದಿದೆ. ಗುರುವೇ ತನ್ನ ಮಾತನ್ನು ಪರೀಕ್ಷೆಗೆ ಒಡ್ಡುವ ಈ ನಿಲುವು ಕೊನೆಯವರೆಗೂ ಹಾಗೆಯೇ ನಡೆಯುವಂಥದಲ್ಲ. ಹಬ್ಬ, ಮದುವೆ, ಸಾವುಗಳನ್ನು ನಡೆಸಬೇಕಾದ ಯಾವ ಸಮುದಾಯಕ್ಕೂ ಹಿಂದಿನವರ ನಡಾವಳಿ ಬೇಕೇ ಬೇಕು. ಆದ್ದರಿಂದ ಗ್ರಂಥ ಮತ್ತು ತರ್ಕಬದ್ಧ ಹೋಲಿಕೆಗಳ ಜೊತೆಗೆ 'ಸೆವೆಲ್ ಹಯೆರುಶಾ' ಎಂಬ ಮೂರನೆಯ ಆಧಾರವನ್ನೂ ಕರಾಯಿಟ್ ಪಂಡಿತರು ಒಪ್ಪಿಕೊಂಡರು. ಹಿಂದಿನವರಿಂದ ಹೊತ್ತು ತಂದ ಹೊರೆ ಎಂದು ಅದರ ಅರ್ಥ. ಹದಿನೈದನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಎಲಿಯಾಹು ಬಶ್ಯಾಚಿಯಂಥವರು ಇದಕ್ಕೆ ಸ್ಪಷ್ಟವಾದ ಮಿತಿಯನ್ನೂ ಹಾಕಿದರು: ಹಾಗೆ ಬಂದ ಆಚಾರ ಗ್ರಂಥಕ್ಕೆ ವಿರುದ್ಧವಾಗಿರಬಾರದು, ಗ್ರಂಥದಲ್ಲಿ ಅದಕ್ಕೆ ಎಲ್ಲಿಯಾದರೂ ಆಸರೆ ದೊರೆಯಬೇಕು, ಸಮುದಾಯವೆಲ್ಲ ಅದನ್ನು ಒಪ್ಪಿರಬೇಕು.

ಗಾದೆಗೆ ಈ ಮೂರು ಪರೀಕ್ಷೆಗಳಲ್ಲಿ ಒಂದೂ ಅನ್ವಯಿಸುವುದಿಲ್ಲ, ಏಕೆಂದರೆ ಗಾದೆ ಆಚಾರವನ್ನು ವಿಧಿಸುವುದಿಲ್ಲ. ಅದು ಸಲಹೆ ಕೊಡುತ್ತದೆ, ಸಮಾಧಾನ ಹೇಳುತ್ತದೆ, ಕೆಲವೊಮ್ಮೆ ಚುಚ್ಚುತ್ತದೆ. ಕೇಳಿದವನು ಒಪ್ಪಬಹುದು, ಇನ್ನೊಂದು ಗಾದೆ ಹೇಳಿ ತಳ್ಳಿಹಾಕಲೂಬಹುದು. ಕಟ್ಟಳೆಯಾಗುವ ಹಕ್ಕನ್ನು ಬಾಯಿಮಾತಿಗೆ ಕೊಡದ ಸಮಾಜದಲ್ಲಿ ಬುದ್ಧಿವಾದದ ಬಾಯಿಮಾತಿಗೆ ಹೆಚ್ಚಿನ ಎಡೆ ದೊರೆಯಿತೆಂದು ನಾನು ತಿಳಿಯುತ್ತೇನೆ. ಅದಕ್ಕೆ ಬೆಂಬಲವಾಗಿ ನಾನು ತೋರಿಸಬಯಸುವುದು ಗಾದೆಗಳ ಪಟ್ಟಿಯನ್ನಲ್ಲ, ಅವು ಉಳಿದುಬಂದ ಪುಸ್ತಕಗಳನ್ನು.

ಕ್ರೈಮಿಯಾದ ಕರಾಯಿಮ್ ಮನೆಗಳಲ್ಲಿ 'ಮೆಜುಮಾ' ಎಂಬ ಕೈಬರಹದ ಪುಸ್ತಕಗಳಿದ್ದವು. ಒಂದೊಂದು ಮನೆತನವೂ ತನಗೆ ಪ್ರಿಯವಾದ ಹಾಡು, ಕಥೆ, ಒಗಟು, ಗಾದೆಗಳನ್ನು ಅದರಲ್ಲಿ ಬರೆದಿಟ್ಟುಕೊಂಡು ಮುಂದಿನ ತಲೆಮಾರಿಗೆ ಕೊಡುತ್ತಿತ್ತು. ಭಾಷೆ ತುರ್ಕಿಕ್, ಲಿಪಿ ಹೀಬ್ರೂ. ಧರ್ಮಗ್ರಂಥವನ್ನು ಪ್ರತಿಮಾಡಿ ಪಳಗಿದ ಕೈಯೇ ಆಶಿಕ್ ಗರೀಬನ ಪ್ರೇಮಕಥೆಯಂಥದನ್ನೂ ಮದುವೆ ಮನೆಯ ಹಾಡನ್ನೂ ಅದೇ ಅಕ್ಷರದಲ್ಲಿ ಬರೆಯುತ್ತಿತ್ತು. ಗಾದೆ ಅಲ್ಲಿ ಧರ್ಮಗ್ರಂಥದ ನೆರೆಯಲ್ಲಿ ಕುಳಿತಿಲ್ಲ. ಹಾಡು, ಒಗಟು, ಕಥೆಗಳ ನೆರೆಯಲ್ಲಿದೆ. ಸಂಪಾದಕನ ಕಣ್ಣಿಗೆ ಈ ನೆರೆಹೊರೆ ಬಹಳ ಮುಖ್ಯ. ಒಂದು ಗಾದೆಯನ್ನು ಜನ ಏನೆಂದು ಎಣಿಸಿದ್ದರು ಎಂಬುದಕ್ಕೆ ಅದರ ಅರ್ಥಕ್ಕಿಂತಲೂ ಅದರ ಹಿಂದಿನ ಪುಟದಲ್ಲಿ ಏನಿದೆ, ಮುಂದಿನ ಪುಟದಲ್ಲಿ ಏನಿದೆ ಎಂಬುದು ಒಳ್ಳೆಯ ಸಾಕ್ಷಿ. ಅಚ್ಚಿನ ಸಂಗ್ರಹಗಳು ಗಾದೆಗಳನ್ನು ಮಾತ್ರ ಆಯ್ದು, ಅಕಾರಾದಿಯಾಗಿ ಜೋಡಿಸಿ, ಪಕ್ಕದಲ್ಲಿ ಅನುವಾದ ಕೊಟ್ಟು ಕೈತೊಳೆದುಕೊಂಡಾಗ ಈ ಸಾಕ್ಷಿ ಅಳಿಸಿಹೋಗುತ್ತದೆ, ಮತ್ತು ಹಾಗೆ ಅಳಿಸಿದ್ದನ್ನು ಆಮೇಲೆ ಯಾರೂ ತುಂಬಿಕೊಡಲಾರರು.

ಈ ಕಾರಣಕ್ಕೆ ವಿಲ್ಹೆಲ್ಮ್ ರಾದ್ಲೊವ್ ಅವರ ಕೆಲಸವನ್ನು ನಾನು ಗೌರವದಿಂದ ನೆನೆಯುತ್ತೇನೆ. ಉತ್ತರದ ತುರ್ಕಿಕ್ ಜನರ ಮೌಖಿಕ ಸಾಹಿತ್ಯವನ್ನು ಸಂಪುಟಗಳಲ್ಲಿ ಪ್ರಕಟಿಸಿದ ಈ ವಿದ್ವಾಂಸರು 1896ರಲ್ಲಿ ಕ್ರೈಮಿಯಾಕ್ಕೆ ಮೀಸಲಾದ ಏಳನೆಯ ಸಂಪುಟವನ್ನು ಹೊರತಂದಾಗ ಕರಾಯಿಮರ ಪಠ್ಯಗಳನ್ನು ಹೀಬ್ರೂ ಅಕ್ಷರದಲ್ಲೇ ಅಚ್ಚುಹಾಕಿಸಿದರು. ಅದರಿಂದ ಬರೆದವರ ಕೈಯ ರೂಢಿ ನಮಗೆ ದಕ್ಕಿತು. ತುರ್ಕಿಕ್ ನುಡಿಯ ಎಂಟು ಸ್ವರಗಳನ್ನು ಹೀಬ್ರೂ ಲಿಪಿ ತಾನಾಗಿ ಪೂರ್ತಿ ಬೇರ್ಪಡಿಸಿ ತೋರಿಸುವುದಿಲ್ಲವಾದ್ದರಿಂದ ಓದುವವರು ಭಾಷೆಯನ್ನು ಮೊದಲೇ ಬಲ್ಲವರಾಗಿರಬೇಕಿತ್ತು. ಊರಿನಿಂದ ಊರಿಗೆ ಉಚ್ಚಾರಣೆಯೂ ಬೇರೆ: ತ್ರಾಕಾಯ್‌ನಲ್ಲಿ ಮಾತಿಗೆ 'ಸೊಜ್' ಎಂಬಂಥ ದುಂಡುತುಟಿಯ ಸ್ವರವಿದ್ದರೆ ಹಾಲಿಚ್ ಮತ್ತು ಲುತ್ಸ್ಕ್‌ಗಳಲ್ಲಿ ಅದು 'ಸೆಜ್' ಆಗುತ್ತದೆ. ಪ್ರಾಸ ಮತ್ತು ಲಯಗಳ ಮೇಲೆ ನಿಂತ ಗಾದೆಯನ್ನು ಒಂದು ಊರಿನಿಂದ ಇನ್ನೊಂದಕ್ಕೆ ಒಯ್ದರೆ ಅದರ ಪ್ರಾಸವೇ ಸಡಿಲಗೊಳ್ಳಬಹುದು. 1974ರಲ್ಲಿ ಮಾಸ್ಕೋದಲ್ಲಿ ಪ್ರಕಟವಾದ, ಸುಮಾರು 17,400 ಪದಗಳ ಕರಾಯಿಮ್–ರಷ್ಯನ್–ಪೋಲಿಷ್ ನಿಘಂಟು ಕ್ರೈಮಿಯಾ, ತ್ರಾಕಾಯ್, ಹಾಲಿಚ್–ಲುತ್ಸ್ಕ್ ಎಂಬ ಮೂರೂ ಉಪಭಾಷೆಗಳನ್ನು ಬೇರ್ಪಡಿಸಿ ಗುರುತಿಸಿರುವುದರಿಂದ ಗಾದೆಗಳ ಕೆಲಸ ಮಾಡುವವರಿಗೆ ಅದು ಇಂದಿಗೂ ಅನಿವಾರ್ಯ.

ಇನ್ನು ನನ್ನ ಕಸುಬಿನ ಅತ್ಯಂತ ತೊಡಕಿನ ಪ್ರಶ್ನೆಗೆ ಬರುತ್ತೇನೆ: ಒಂದು ಗಾದೆಯನ್ನು ಇಂಥ ಜನರದೆಂದು ಯಾವಾಗ ಹೇಳಬಹುದು? "ಬೆಟ್ಟ ಬೆಟ್ಟವನ್ನು ಕೂಡದು, ಮನುಷ್ಯ ಮನುಷ್ಯನನ್ನು ಕೂಡುತ್ತಾನೆ" ಎಂಬ ಮಾತನ್ನು ತೆಗೆದುಕೊಳ್ಳೋಣ. ಹನ್ನೊಂದನೆಯ ಶತಮಾನದಲ್ಲಿ ಮಹಮೂದ್ ಕಾಶ್ಗರಿ ತನ್ನ ತುರ್ಕಿಕ್ ನಿಘಂಟಿನಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಇಂದಿನ ತುರ್ಕಿಯಲ್ಲಿಯೂ ಇದು ಜೀವಂತವಾಗಿದೆ. ಅಷ್ಟರಿಂದ ಇದನ್ನು ತುರ್ಕಿಕ್ ಗಾದೆ ಎಂದು ಮುದ್ರೆಯೊತ್ತುವಂತಿಲ್ಲ, ಏಕೆಂದರೆ ರಷ್ಯನ್ನರೂ ಪೋಲರೂ ಇದನ್ನು ಹೆಚ್ಚುಕಡಿಮೆ ಇದೇ ರೂಪದಲ್ಲಿ ಹೇಳುತ್ತಾರೆ. ಮನೆಯಲ್ಲಿ ಕರಾಯಿಮ್, ಪೇಟೆಯಲ್ಲಿ ಪೋಲಿಷ್, ಕಚೇರಿಯಲ್ಲಿ ರಷ್ಯನ್ ಆಡುತ್ತಿದ್ದ ತ್ರಾಕಾಯ್‌ನ ತೋಟಗಾರನೊಬ್ಬನು ಈ ಮಾತನ್ನಾಡಿದರೆ, ಅದು ಅವನಿಗೆ ಅಜ್ಜಿಯಿಂದ ಬಂತೋ ಸೌತೆಕಾಯಿ ಕೊಳ್ಳಲು ಬಂದ ಗಿರಾಕಿಯಿಂದ ಬಂತೋ ಎಂದು ಯಾವ ವಿದ್ವಾಂಸನೂ ತೀರ್ಮಾನಿಸಲಾರ. ಗಾದೆ ಅವನದೇ, ಅವನು ಅದನ್ನು ತನ್ನ ನುಡಿಯಲ್ಲಿ, ತನ್ನ ಸಂದರ್ಭಕ್ಕೆ ಆಡಿದ್ದಾನೆ. ಮೂಲ ಮಾತ್ರ ಬೇರೆ ಲೆಕ್ಕ.

ಗ್ರಂಥವೂ ಇದೇ ದಾರಿಯಲ್ಲಿ ಎದುರಾಗುತ್ತದೆ. ಕರಾಯಿಮ್ ಮಕ್ಕಳ ಶಿಕ್ಷಣವೆಂದರೆ ಬಹುಮಟ್ಟಿಗೆ ಹೀಬ್ರೂ ಗ್ರಂಥವನ್ನು ಪದಕ್ಕೆ ಪದವಾಗಿ ತಮ್ಮ ಮಾತಿಗೆ ತಿರುಗಿಸುವ ಅಭ್ಯಾಸ. ಸೊಲೊಮೋನನ ಜ್ಞಾನೋಕ್ತಿಗಳು ಹೀಗೆ ತಲೆಮಾರುಗಳ ಕಿವಿಗೆ ಕರಾಯಿಮ್ ನುಡಿಯಲ್ಲೇ ಬಿದ್ದಿವೆ. ಲಿಥುವೇನಿಯಾದ ಕರಾಯಿಮರ ಧರ್ಮಮುಖ್ಯಸ್ಥರಾಗಿದ್ದ ಮಿಕೋಲಾಸ್ ಫಿರ್ಕೊವಿಚ್ಯುಸ್ ಸಿದ್ಧಪಡಿಸಿದ ಅವುಗಳ ಕರಾಯಿಮ್ ಪಾಠವು 2000ದಲ್ಲಿ ಅಂಕಾರಾದಲ್ಲಿ ಅಚ್ಚಾಯಿತು. ಜ್ಞಾನೋಕ್ತಿಗಳ 27ನೆಯ ಅಧ್ಯಾಯದಲ್ಲಿ ದೂರದ ಸಹೋದರನಿಗಿಂತ ಹತ್ತಿರದ ನೆರೆಯವನು ಲೇಸು ಎಂಬ ಮಾತಿದೆ. ತುರ್ಕಿಕ್ ನಾಡುಗಳಲ್ಲಿ, ಗ್ರಂಥದ ಹಂಗೇ ಇಲ್ಲದೆ, ಮನೆಯನ್ನು ಕೊಳ್ಳಬೇಡ, ನೆರೆಯವನನ್ನು ಕೊಳ್ಳು ಎಂಬ ಗಾದೆ ಪ್ರಚಲಿತವಾಗಿದೆ. ಒಂದೇ ಬೀದಿಯಲ್ಲಿ ಸಾಲಾಗಿ ಮನೆ ಕಟ್ಟಿಕೊಂಡು ಬದುಕಿದ ಚಿಕ್ಕ ಸಮುದಾಯಕ್ಕೆ ಎರಡೂ ತಮ್ಮ ಬಾಳಿನ ಮಾತುಗಳೇ. ಅವರಲ್ಲಿ ನೆರೆಯನ್ನು ಹೊಗಳುವ ಮಾತು ಸಿಕ್ಕಿದರೆ ಅದರ ಒಂದು ಬೇರು ಯೆರೂಸಲೇಮಿನಲ್ಲಿ, ಇನ್ನೊಂದು ಹುಲ್ಲುಗಾವಲ ನಾಡಿನಲ್ಲಿ ಇರಬಹುದು. ಪೂರ್ವಿಕರು ನೆಟ್ಟ ಮೇರೆಯ ಕಲ್ಲನ್ನು ಕದಲಿಸಬೇಡ ಎಂದು 22ನೆಯ ಅಧ್ಯಾಯ ಹೇಳುವಾಗಲಂತೂ ಹಿರಿಯರ ಮಾತನ್ನು ಕಾಯಬೇಕೆಂಬ ಜನಪದರ ಆಸೆಗೆ ಗ್ರಂಥವೇ ಆಸರೆ ಕೊಟ್ಟಂತಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕರಾಯಿಮರ ಮೂಲ ಯಾವುದೆಂಬ ಪ್ರಶ್ನೆ ಅವರ ಮಟ್ಟಿಗೆ ಪಂಡಿತರ ಕುತೂಹಲವಾಗಿ ಮಾತ್ರ ಎಂದೂ ಉಳಿಯಲಿಲ್ಲ. ರಷ್ಯನ್ ಸಾಮ್ರಾಜ್ಯವು ಯಹೂದಿಗಳ ಮೇಲೆ ಹೇರಿದ್ದ ಇಮ್ಮಡಿ ತೆರಿಗೆಯಿಂದ 1795ರಲ್ಲಿ ಕರಾಯಿಮರಿಗೆ ವಿನಾಯಿತಿ ಕೊಟ್ಟಿತು, 1863ರಲ್ಲಿ ಪೂರ್ಣ ಹಕ್ಕುಗಳನ್ನು ನೀಡಿತು. 1939ರ ಜನವರಿಯಲ್ಲಿ ನಾಜಿ ಜರ್ಮನಿಯ ವಂಶಾವಳಿ ಕಚೇರಿ ಅವರನ್ನು ಯಹೂದಿ ಸಮುದಾಯಕ್ಕೆ ಸೇರಿದವರೆಂದು ಎಣಿಸಬೇಕಾಗಿಲ್ಲವೆಂದು ತೀರ್ಮಾನಿಸಿತು. ವಂಶದ ಪ್ರಶ್ನೆ ಹೀಗೆ ಹಕ್ಕಿನ ಪ್ರಶ್ನೆಯಾಗಿ, ಕೊನೆಗೆ ಜೀವದ ಪ್ರಶ್ನೆಯಾಗಿ ನಿಂತಿತು. ಬಖ್ಚಿಸರಾಯ್‌ನಲ್ಲಿ 1873ರಲ್ಲಿ ಹುಟ್ಟಿ, ಸಮುದಾಯದ ಧರ್ಮಮುಖ್ಯಸ್ಥರಾಗಿದ್ದು, 1961ರಲ್ಲಿ ತೀರಿಕೊಂಡ ತುರ್ಕಿಕ್ ಪಂಡಿತ ಸೆರಾಯ ಶಪ್ಶಾಲ್ ಅವರು ಕರಾಯಿಮರು ಮೂಲದಲ್ಲಿ ತುರ್ಕಿಕ್ ಜನರೇ ಎಂದು ವಾದಿಸಿದರು. ಭಾಷೆ, ಉಡುಗೆ, ಊಟ, ನಂಬಿಕೆಗಳೊಂದಿಗೆ ಜನಪದ ಸಾಹಿತ್ಯವೂ ಆ ವಾದದ ಸರಕಾಯಿತು. ಶಪ್ಶಾಲ್ ಅವರು ಕೂಡಿಸಿಟ್ಟ ವಸ್ತುಗಳು ಮತ್ತು ಬರಹಗಳು ಇಲ್ಲದಿದ್ದರೆ ನಮ್ಮ ತಿಳಿವಳಿಕೆ ಬಹಳ ಬಡವಾಗುತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಗಾದೆಯಿಂದ ವಂಶವನ್ನು ಸಾಧಿಸಲು ಬರುವುದಿಲ್ಲ ಎಂಬುದೇ ನನ್ನ ಖಚಿತ ಅಭಿಪ್ರಾಯ. ಒಂದು ಕೈಯಿಂದ ಚಪ್ಪಾಳೆಯಾಗದು ಎಂದು ನಾವೂ ಹೇಳುತ್ತೇವೆ, ಒಂದು ಕೈಯಲ್ಲೇನಿದೆ, ಸದ್ದು ಎರಡು ಕೈಗಳಲ್ಲಿದೆ ಎಂದು ತುರ್ಕರೂ ಹೇಳುತ್ತಾರೆ. ಇದರಿಂದ ನಾವು ಅವರ ದಾಯಾದಿಗಳಾಗುವುದಿಲ್ಲ. ಗಾದೆ ಭಾಷೆಯ ಜೊತೆಗೆ, ವ್ಯಾಪಾರದ ಜೊತೆಗೆ, ಸೊಸೆಯಂದಿರ ಜೊತೆಗೆ ಪ್ರಯಾಣ ಮಾಡುತ್ತದೆ. ತುರ್ಕಿಕ್ ಗಾದೆಯನ್ನು ಹೀಬ್ರೂ ಅಕ್ಷರದಲ್ಲಿ ಬರೆದಿಟ್ಟುಕೊಂಡವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂದು ಹೊರಗಿನವರು ಒತ್ತಾಯಿಸಿದ್ದು ಅವರ ಜನಪದಕ್ಕೆ ಮಾಡಿದ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಕ್ರೈಮಿಯಾದ ಚುಫುತ್ ಕಲೆ ಎಂಬ ಕೋಟೆಯೂರಿನ ಬಳಿ ಯೆಹೋಶಾಫಾಟ್ ಕಣಿವೆಯಲ್ಲಿರುವ ಹಳೆಯ ರುದ್ರಭೂಮಿಯನ್ನು 'ಬಾಲ್ತಾ ತಿಯ್ಮೆಜ್', ಎಂದರೆ ಕೊಡಲಿ ಸೋಕದ್ದು, ಎಂದು ಕರೆಯುವ ರೂಢಿಯಲ್ಲೂ ಇದೇ ತೊಡಕಿದೆ. ಅಲ್ಲಿನ ಓಕ್ ಮರಗಳನ್ನು ಕರಾಯಿಮರು ಪೂಜ್ಯವೆಂದು ಕಂಡರು, ಕಡಿಯಲಿಲ್ಲ. ಗ್ರಂಥಕ್ಕೂ ಮುಂಚಿನ ತುರ್ಕಿಕ್ ಮರಪೂಜೆಯ ಉಳಿಕೆ ಅದೆಂದು ಒಂದು ಪಕ್ಷ ಹೇಳಿತು. ಹಿರಿಯರು ಮಲಗಿರುವ ನೆಲದ ಮರಕ್ಕೆ ಕೊಡಲಿ ಹಾಕದಿರುವುದಕ್ಕೆ ಅಷ್ಟು ಹಳೆಯ ಕಾರಣವೇ ಬೇಕೆಂದು ನನಗನ್ನಿಸುವುದಿಲ್ಲ.

ತ್ರಾಕಾಯ್‌ನಲ್ಲಿ ಬೀದಿಗೆ ಮುಖಮಾಡಿದ ಕರಾಯಿಮ್ ಮನೆಗಳಿಗೆ ಮೂರು ಕಿಟಕಿಗಳಿರುತ್ತವೆ. ಒಂದು ದೇವರಿಗೆ, ಒಂದು ವಿತೌತಾಸನಿಗೆ, ಒಂದು ತನಗೆ ಎಂಬ ಮಾತು ಅವುಗಳ ಬಗ್ಗೆ ಬಳಕೆಯಲ್ಲಿದೆ. ಕೊನೆಯದು ಅತಿಥಿಗೆ ಎಂದು ಹೇಳುವವರೂ ಇದ್ದಾರೆ. ಈಗ ಕಾಣುವ ಮರದ ಮನೆಗಳು 1430ರಲ್ಲಿ ತೀರಿಕೊಂಡ ವಿತೌತಾಸನ ಕಾಲದವಲ್ಲ. ಆದರೂ ಈ ಮಾತನ್ನು ಪ್ರವಾಸಿಗರಿಗಾಗಿ ಹೆಣೆದ ಕಥೆಯೆಂದು ಬದಿಗಿಡಲು ನಾನು ಒಪ್ಪುವುದಿಲ್ಲ. ದೇವರ ಪಕ್ಕದಲ್ಲಿ ದೊರೆಯನ್ನೂ ದೊರೆಯ ಪಕ್ಕದಲ್ಲಿ ತನ್ನನ್ನೂ ಅಥವಾ ಬಂದವನನ್ನೂ ಇಡುವ ಈ ಎಣಿಕೆ, ಬೇರೆಯವರ ರಾಜ್ಯದಲ್ಲಿ ದೊರೆಯ ಆಶ್ರಯದಿಂದ ನೆಲೆ ಕಂಡ ಚಿಕ್ಕ ಜನ ತಮ್ಮ ಋಣವನ್ನು ಹೇಗೆ ಲೆಕ್ಕ ಹಾಕಿದರೆಂಬುದನ್ನು ತೋರಿಸುತ್ತದೆ. ಕರಾಯಿಮರು ಮಾತ್ರವೇ ಹೇಳಬಹುದಾದ ಮಾತು ಯಾವುದೆಂದು ಯಾರಾದರೂ ಕೇಳಿದರೆ ಬೆಟ್ಟದ ಗಾದೆಗಿಂತ ಮೊದಲು ನಾನು ಇದನ್ನೇ ಮುಂದಿಡುತ್ತೇನೆ.

2001ರ ಜನಗಣತಿಯಲ್ಲಿ ಲಿಥುವೇನಿಯಾದಲ್ಲಿ ಕರಾಯಿಮರೆಂದು ಬರೆಸಿಕೊಂಡವರು 273 ಮಂದಿ. ಅವರಲ್ಲಿಯೂ ಭಾಷೆಯನ್ನು ಸರಾಗವಾಗಿ ಆಡಬಲ್ಲವರು ಕೆಲವರೇ, ಬಹುತೇಕ ವಯಸ್ಸಾದವರು. ಫಿರ್ಕೊವಿಚ್ಯುಸ್ 1996ರಲ್ಲಿ ಕಲಿಕೆಯ ಪುಸ್ತಕವೊಂದನ್ನು ಬರೆದುಕೊಟ್ಟರು. ಭಾಷಾವಿಜ್ಞಾನಿ ಎವಾ ಚಾತೊ ಅವರ ಮುಂದಾಳುತನದಲ್ಲಿ ತ್ರಾಕಾಯ್‌ನ ಹಿರಿಯರ ಮಾತುಗಳ ಧ್ವನಿಮುದ್ರಣ ನಡೆಯಿತು, ಬೇಸಿಗೆ ಶಾಲೆಗಳೂ ಆರಂಭವಾದವು. ಗಾದೆಗಳ ಹೊಸ ಸಂಗ್ರಹವನ್ನು ಯಾರಾದರೂ ಕೈಗೆತ್ತಿಕೊಳ್ಳುವುದಾದರೆ ಈ ಧ್ವನಿಮುದ್ರಣಗಳಿಂದ ಆರಂಭಿಸಿ ಮೆಜುಮಾಗಳ ಕಡೆಗೆ ಹಿಂದಕ್ಕೆ ನಡೆಯಬೇಕೆಂಬುದು ನನ್ನ ಸಲಹೆ. ಪ್ರತಿ ಗಾದೆಯ ಜೊತೆಗೂ ಅದು ಯಾವ ಊರಿನ ಉಚ್ಚಾರಣೆ, ಯಾರು ಯಾರಿಗೆ ಯಾವ ಸಂದರ್ಭದಲ್ಲಿ ಹೇಳಿದ್ದು, ಹಸ್ತಪ್ರತಿಯಲ್ಲಿದ್ದರೆ ಅದರ ಅಕ್ಕಪಕ್ಕ ಏನಿದೆ, ಅದೇ ಮಾತು ಗ್ರಂಥದಲ್ಲೋ ನೆರೆಯ ಪೋಲಿಷ್, ರಷ್ಯನ್, ಕ್ರೈಮಿಯನ್ ತಾತಾರ್ ನುಡಿಗಳಲ್ಲೋ ಇದೆಯೇ ಎಂಬ ವಿವರಗಳು ಬರಬೇಕು. ಹೇಳಬಲ್ಲ ಹಿರಿಯರು ಇನ್ನೂ ಇರುವಾಗ ಮೊದಲು ಕೇಳಬೇಕಾದದ್ದು ಸಂದರ್ಭವನ್ನು. ಅರ್ಥವನ್ನು ನಿಘಂಟಿನಿಂದ ಮುಂದೆಯೂ ತೆಗೆಯಬಹುದು.