ಬ್ರೋಕರ್ ಯಾರ ಕಡೆಯವರು?

ನಿವೇಶನವನ್ನೋ ಮನೆಯನ್ನೋ ಕೊಳ್ಳುವವರು ಕಾಗದಪತ್ರ ತೋರಿಸಲು ನನ್ನ ವಕೀಲಿ ಕಚೇರಿಗೆ ಬರುವ ಹೊತ್ತಿಗೆ ಬಹುಮಟ್ಟಿಗೆ ಟೋಕನ್ ಮುಂಗಡ ಕೊಟ್ಟಾಗಿರುತ್ತದೆ. ಜೊತೆಗೆ ಬಂದ ಬ್ರೋಕರರನ್ನು ‘ಇವರು ನಮ್ಮ ಕಡೆಯವರು’ ಎಂದು ಪರಿಚಯಿಸುತ್ತಾರೆ. ಕಮಿಷನ್ ಕೊಡುವವರು ಯಾರು ಎಂದು ನಾನು ಕೇಳುತ್ತೇನೆ. ಬೆಂಗಳೂರಿನಲ್ಲಿ ಹಳೆಯ ಮನೆಗಳ ವ್ಯವಹಾರವಾದರೆ ಅನೇಕ ಬಾರಿ ಎರಡೂ ಕಡೆಯವರು ಕೊಡುತ್ತಾರೆ. ಹೊಸ ಅಪಾರ್ಟ್‌ಮೆಂಟ್ ಆದರೆ ಸಾಮಾನ್ಯವಾಗಿ ಬಿಲ್ಡರ್ ಕೊಡುತ್ತಾರೆ, ಕೊಳ್ಳುವವರಿಗೆ ಸೇವೆ ಉಚಿತ. ಹಾಗೆ ಉಚಿತವಾಗಿ ಸಿಕ್ಕವರು ನಿಮ್ಮ ಪರವಾಗಿ ಬೆಲೆ ಚೌಕಾಸಿ ಮಾಡುತ್ತಾರೆಂದು ನಂಬಿಕೊಂಡು ಕೂರಬೇಡಿ. ಬಿಲ್ಡರ್‌ನಿಂದ ಹಣ ಪಡೆಯುವುದು ತಪ್ಪಲ್ಲ, ಅದನ್ನು ಮುಚ್ಚಿಡುವುದು ತಪ್ಪು.

ನೋಂದಾಯಿತ ಬಡಾವಣೆ ಅಥವಾ ಅಪಾರ್ಟ್‌ಮೆಂಟ್ ಯೋಜನೆಯಲ್ಲಿ ಮಾರಾಟ ಮಾಡಿಸುವ ಏಜೆಂಟರು 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ತಾವೂ ನೋಂದಣಿ ಮಾಡಿಸಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಅವರ ಹೆಸರು ಹುಡುಕಲು ಐದು ನಿಮಿಷ ಸಾಕು. ಬನಶಂಕರಿಯ ಹಳೆಯ ಮನೆಯೊಂದನ್ನು ಮಾಲೀಕರಿಂದ ನೇರವಾಗಿ ಕೊಡಿಸುವವರಿಗೆ ಈ ಕಟ್ಟಳೆ ಇಲ್ಲ. ಅಲ್ಲಿ ಅವರು ತರುವ ಕಾಗದವನ್ನು ನೋಡಿಯೇ ಅವರನ್ನು ಅಳೆಯಬೇಕು.

ಇಸಿಯನ್ನೇ, ಅಂದರೆ ಆಸ್ತಿಯ ನೋಂದಾಯಿತ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪತ್ರವನ್ನೇ ನೋಡಿ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸುಲಭವಾಗಿ ಸಿಗುತ್ತದೆ. ಅವಸರದ ಬ್ರೋಕರ್ ಅದನ್ನೇ ಮುದ್ರಿಸಿ ತಂದು ‘ಎಲ್ಲ ಕ್ಲಿಯರ್ ಸಾರ್’ ಎನ್ನುತ್ತಾರೆ. ಅದಕ್ಕೂ ಹಿಂದಿನದು ಬೇಕಾದರೆ ಬಹುಮಟ್ಟಿಗೆ ಉಪನೋಂದಣಾಧಿಕಾರಿಗಳ ಕಚೇರಿಗೆ ಅಲೆಯಬೇಕು. ನನಗೆ ಪರಿಚಯವಿರುವ ಬ್ರೋಕರ್ ಒಬ್ಬರು ಹಾಗೆ ಅಲೆದಾಗ, 1999ರಲ್ಲಿ ಸಹಕಾರ ಸಂಘವೊಂದಕ್ಕೆ ಮನೆಯನ್ನು ಅಡಮಾನ ಮಾಡಿದ್ದು ಕಂಡಿತು. ಬಿಡುಗಡೆ ಪತ್ರ ಎಲ್ಲೂ ಇರಲಿಲ್ಲ. ಸಾಲ ತೀರಿತ್ತು, ನೋಂದಣಿ ಮಾಡಿಸಲು ಮನೆಯವರು ಮರೆತಿದ್ದರು. ‘ಅದಾಗುವವರೆಗೆ ಅಡ್ವಾನ್ಸ್ ಬೇಡ ಸಾರ್’ ಎಂದು ಆಕೆ ಕೊಳ್ಳುವವರಿಗೇ ಫೋನ್ ಮಾಡಿದರು. ತಮ್ಮ ಕಮಿಷನ್ ತಿಂಗಳುಗಟ್ಟಲೆ ಮುಂದೆ ಹೋಗುತ್ತದೆಂದು ಗೊತ್ತಿದ್ದೂ ಹೀಗೆ ಹೇಳುವವರು ಸಿಕ್ಕರೆ ಅವರನ್ನು ಬಿಡಬೇಡಿ. ನಾನಂತೂ ಬಿಟ್ಟಿಲ್ಲ.

‘ಬಿ ಖಾತೆಯಾದರೇನು, ನಾಳೆ ಎ ಆಗುತ್ತದೆ’ ಎನ್ನುವವರನ್ನು (ಬಿ ಖಾತೆ ಎಂದರೆ ಕ್ರಮಬದ್ಧವಲ್ಲದ ಆಸ್ತಿಯಿಂದ ತೆರಿಗೆ ಪಡೆಯಲು ಪಾಲಿಕೆ ಇಡುವ ದಾಖಲೆ), ‘ಇನ್ನೊಂದು ಪಾರ್ಟಿ ಕಾಯುತ್ತಿದೆ, ಸಂಜೆಯೊಳಗೆ ಟೋಕನ್ ಕೊಡಿ’ ಎನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ. ತಾಯಿಪತ್ರದ, ಅಂದರೆ ಆಸ್ತಿಯ ಮೂಲ ಹಕ್ಕುಪತ್ರದ ಪ್ರತಿ ಕೇಳಿದರೆ ಮುಖ ಗಂಟಿಕ್ಕುವವರನ್ನೂ ಅಷ್ಟೇ. ಮನೆಯಲ್ಲಿ ಈಗ ಯಾರು ವಾಸವಿದ್ದಾರೆ, ಮಾಲೀಕರ ಅಕ್ಕತಂಗಿಯರು ಸಹಿ ಹಾಕುತ್ತಾರೆಯೇ ಎಂದೂ ಕೇಳಿ. ಇವು ಇಸಿಯಲ್ಲಿ ಕಾಣುವ ಸಂಗತಿಗಳಲ್ಲ, ಬೀದಿ ಬಲ್ಲ ಬ್ರೋಕರ್‌ಗೆ ಗೊತ್ತಿರುತ್ತವೆ.

ಬ್ರೋಕರ್ ಗೊತ್ತಾದ ಮೇಲೆ ಕಮಿಷನ್ ಶೇಕಡಾ ಎಷ್ಟು, ಜಿಎಸ್‌ಟಿ ಅದರಲ್ಲೇ ಸೇರಿದೆಯೇ, ಎದುರು ಕಡೆಯಿಂದಲೂ ಪಡೆಯುತ್ತಾರೆಯೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಕರಾರಿನ ದಿನವೇ ಅರ್ಧ ಕೊಡಿ ಎಂದು ಕೇಳುವುದುಂಟು. ನನ್ನ ಕಕ್ಷಿದಾರರಿಗೆ ನಾನು ಅದನ್ನು ಒಪ್ಪಬೇಡಿ ಎನ್ನುತ್ತೇನೆ. ಕ್ರಯಪತ್ರ ನೋಂದಣಿಯಾದ ದಿನ ಪೂರ್ತಿ ಕೊಡಿ, ಚೆಕ್ ಮೂಲಕವೇ ಕೊಡಿ.